ಮೊದಲ ಪುಸ್ತಕ ನಾನೇ ಹೊರತರಬೇಕು ಅಂತಿದ್ದೇನೆ. ಯಾವ ಆನ್‌ಲೈನ್ ಟೂಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತೆ?

ಏಲಕ್ಕಿ_ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು, ಬಿ.ಎ. ಕೊನೆಯ ವರ್ಷ. ಒಂದು ಕಥಾಸಂಕಲನಕ್ಕೆ ಆಗುವಷ್ಟು ಕಥೆಗಳಿವೆ. ಕೆಲವನ್ನು ಪ್ರತಿಲಿಪಿ ಆ್ಯಪ್‌ನಲ್ಲಿ ಹಾಕಿದ್ದೆ, ಉಳಿದವು ಮೊಬೈಲ್‌ನಲ್ಲೇ ಇವೆ. ಪ್ರಕಾಶಕರಿಗೆ ಕಳಿಸಿ ಕಾಯುವ ತಾಳ್ಮೆ ಇಲ್ಲ. ಒಂದು ಸೆಲ್ಫ್ ಪಬ್ಲಿಷಿಂಗ್ ಕಂಪನಿಯವರು ಫೋನ್ ಮಾಡಿ 35,000 ರೂಪಾಯಿ ಪ್ಯಾಕೇಜ್ ಅಂದರು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಬೇರೆ ದುಡ್ಡಂತೆ. ನನ್ನ ಹತ್ತಿರ ಅಷ್ಟಿಲ್ಲ, ಅಪ್ಪನ ಹತ್ತಿರ ಕೇಳೋಕೂ ಮನಸ್ಸಿಲ್ಲ.

ಹಳೇ ಲ್ಯಾಪ್‌ಟಾಪ್ ಇದೆ, ನೆಟ್ ಇದೆ, ಎರಡು ತಿಂಗಳು ರಜೆ ಇದೆ. ಟೈಪಿಂಗ್, ಪುಟವಿನ್ಯಾಸ, ಮುಖಪುಟ, ಇ-ಬುಕ್ ಎಲ್ಲ ನಾನೇ ಮಾಡಿಕೊಳ್ಳಬಹುದಾ? ಕನ್ನಡಕ್ಕೆ ಸರಿಯಾಗಿ ಕೆಲಸ ಮಾಡುವಂಥದ್ದು ಮಾತ್ರ ಹೇಳಿ. ಇಂಗ್ಲಿಷ್ ಬ್ಲಾಗುಗಳಲ್ಲಿ ಹೇಳಿದ್ದನ್ನೆಲ್ಲ ನೋಡಿ ಸಾಕಾಗಿದೆ.

ಕಾಗದದ_ದೋಣಿ
ಐಎಸ್‌ಬಿಎನ್‌ಗೆ ದುಡ್ಡಾ?! ಭಾರತದಲ್ಲಿ ಅದು ಪೂರ್ತಿ ಉಚಿತ. ಯಾರಿಗೂ ಒಂದು ಪೈಸೆ ಕೊಡಬೇಡಿ.

ಡಿಟಿಪಿ_ಮಾವ
ಮೇಲಿನವರು ಹೇಳಿದ್ದು ಸರಿ. ದೆಹಲಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯವರು ಕೊಡುತ್ತಾರೆ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತೆ. ಅವರ ಪೋರ್ಟಲ್‌ನಲ್ಲಿ ಲೇಖಕರೇ ಖಾತೆ ತೆರೆದು ಅರ್ಜಿ ಹಾಕಬಹುದು. ಗುರುತಿನ ಚೀಟಿ, ಪುಸ್ತಕದ ಶೀರ್ಷಿಕೆ ಪುಟ, ಇಂಥವನ್ನು ಅಪ್‌ಲೋಡ್ ಮಾಡಬೇಕು. ಕೆಲವು ವಾರ ಹಿಡಿಯಬಹುದು, ಹಾಗಾಗಿ ಬಿಡುಗಡೆ ದಿನ ಗೊತ್ತುಮಾಡುವ ಮೊದಲೇ ಹಾಕಿಬಿಡಮ್ಮ. ಪ್ರಿಂಟಿಗೆ ಒಂದು, ಇ-ಬುಕ್ಕಿಗೆ ಇನ್ನೊಂದು ನಂಬರ್ ಬೇಕು.

ಇನ್ನೊಂದು ವಿಷಯ. ಕಂಪನಿಯವರು ಅವರ ಐಎಸ್‌ಬಿಎನ್ ಕೊಟ್ಟರೆ ದಾಖಲೆಯಲ್ಲಿ ಪ್ರಕಾಶಕರು ಅವರೇ ಆಗುತ್ತಾರೆ, ನೀನಲ್ಲ. ನಾಳೆ ಎರಡನೇ ಮುದ್ರಣ ಬೇರೆ ಕಡೆ ಹಾಕಿಸಬೇಕು ಅಂದರೆ ಹೊಸ ನಂಬರ್ ತಗೋಬೇಕು.

ಬಾರ್‌ಕೋಡ್‌ಗೂ ದುಡ್ಡು ಕೇಳುತ್ತಾರೆ ನೋಡು. ಇಂಕ್‌ಸ್ಕೇಪ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಟೆನ್ಶನ್ಸ್ ಮೆನುವಿಗೆ ಹೋಗಿ ರೆಂಡರ್, ಬಾರ್‌ಕೋಡ್ ಅಂತ ಒತ್ತಿ 13 ಅಂಕಿ ಹಾಕಿದರೆ ಆಯ್ತು.

ನುಡಿ_ನಾಗಣ್ಣ
ಟೈಪಿಂಗ್‌ಗೆ ನುಡಿ ತಂತ್ರಾಂಶ ಬಿಟ್ಟು ಬೇರೆ ಏನೂ ಬೇಡ. ಬೇರೆಯವರು ಏನು ಹೇಳಿದರೂ ಕೇಳಬೇಡಿ.

ಬೆರಳ್_ಕುಟ್ಟಿಗ
@ನುಡಿ_ನಾಗಣ್ಣ ಅಣ್ಣಾ, ಹುಡುಗಿ ಮೊಬೈಲ್‌ನಲ್ಲಿ ಬರೆದಿದ್ದಾಳೆ. ಗೂಗಲ್ ಕೀಬೋರ್ಡ್‌ನಲ್ಲಿ ಬರೆದದ್ದು ಆಗಲೇ ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರ್‌ನಲ್ಲೂ ಒಂದೇ ಥರ ತೆರೆಯುವ ಅಕ್ಷರ ಸಂಕೇತ. ಅದನ್ನು ಬಿಟ್ಟು ಮತ್ತೆ ನುಡಿ ಕಲಿ ಅಂದರೆ ಹೇಗೆ?

ನುಡಿ_ನಾಗಣ್ಣ
ನುಡಿಯಲ್ಲೂ ಯೂನಿಕೋಡ್ ಇದೆ ಸ್ವಾಮಿ. ಎಷ್ಟು ಸಲ ಹೇಳಬೇಕು.

ಬೆರಳ್_ಕುಟ್ಟಿಗ
ಇದೆ, ಆದರೆ ನಿಮ್ಮ ಊರಿನ ಡಿಟಿಪಿ ಅಂಗಡಿಯಲ್ಲಿ ಯಾರು ಬಳಸ್ತಾರೆ? ಎಲ್ಲರೂ ಇನ್ನೂ ಪೇಜ್‌ಮೇಕರ್ ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲೇ ಇದ್ದಾರೆ. ಅದರ ಕೊನೇ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಅಂದರೆ ಏನು ಅಂತಲೇ ಗೊತ್ತಿಲ್ಲ.

ಡಿಟಿಪಿ_ಮಾವ
ನನ್ನನ್ನೇ ನೋಡಿ ಹೇಳಿದ ಹಾಗಿದೆ :) ಹೌದಪ್ಪ, ನಮ್ಮ ಅಂಗಡಿಯಲ್ಲಿ ಈಗಲೂ ಅರ್ಧ ಕೆಲಸ ಪೇಜ್‌ಮೇಕರ್‌ನಲ್ಲೇ. ಪ್ರೆಸ್‌ನವರು ಅದನ್ನೇ ಕೇಳ್ತಾರೆ, ಕೈಗೂ ಅದೇ ಒಗ್ಗಿದೆ. ಆದರೆ ಹುಡುಗಿ ಹೊಸದಾಗಿ ಶುರುಮಾಡ್ತಿದ್ದಾಳೆ, ಅವಳಿಗೆ ಆ ಸಹವಾಸ ಬೇಡ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಪೇಜ್‌ಮೇಕರ್‌ಗಾಗಿ ಹಳೇ ಫಾಂಟಿಗೆ ಬದಲಿಸುವುದು, ಆಮೇಲೆ ಇ-ಬುಕ್‌ಗಾಗಿ ವಾಪಸ್ ಬದಲಿಸುವುದು, ಇದರಲ್ಲೇ ತಪ್ಪು ಹುಟ್ಟುತ್ತವೆ. ವಟ್ರಸುಳಿ, ಅರ್ಕಾವೊತ್ತು ಒಂದೊಂದು ಕಡೆ ಮಾಯವಾಗುತ್ತವೆ. ನೂರು ಪುಟದಲ್ಲಿ ಎಲ್ಲಿ ಅಂತ ಹುಡುಕ್ತೀರಿ?

ಮಲೆನಾಡ್_ಮಂಜು
ನಾನು ಕಳೆದ ವರ್ಷ ಕವನ ಸಂಕಲನ ಪೂರ್ತಿ ಲಿಬ್ರೆಆಫೀಸ್ ರೈಟರ್‌ನಲ್ಲೇ ಮಾಡಿದೆ. ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಒಂದೇ ಒಂದು ಕಡೆ ಎಲ್ಲರೂ ಸಿಕ್ಕಿಹಾಕಿಕೊಳ್ತಾರೆ. ಅಕ್ಷರ ಆಯ್ಕೆ ಮಾಡಿ ಮೇಲಿನ ಪಟ್ಟಿಯಲ್ಲಿ ಫಾಂಟ್ ಬದಲಿಸಿದರೆ ಕೆಲವು ಸಲ ಕನ್ನಡ ಬದಲಾಗುವುದೇ ಇಲ್ಲ. ಯಾಕೆಂದರೆ ಅದರ ಲೆಕ್ಕದಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿನದು. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್‌ಗೆ ಹೋಗಿ ಅದನ್ನು ಟಿಕ್ ಮಾಡಿ, ಭಾಷೆ ಕನ್ನಡ ಅಂತ ಕೊಡಿ. ಆಮೇಲೆ ಸ್ಟೈಲ್‌ನಲ್ಲಿ ಕಾಂಪ್ಲೆಕ್ಸ್ ಫಾಂಟ್ ಅಂತ ಬೇರೆ ಜಾಗ ಇರುತ್ತೆ, ಅಲ್ಲಿ ಬದಲಿಸಿ.

ಪುಟದ ಅಳತೆ 5.5 ಇಂಚು ಅಗಲ, 8.5 ಇಂಚು ಎತ್ತರ. ಅದೇ ಡೆಮಿ 1/8, ನಮ್ಮ ಕಥೆ ಕಾದಂಬರಿಗಳು ಸಾಮಾನ್ಯವಾಗಿ ಬರುವ ಸೈಜು. ಮಾರ್ಜಿನ್ ಮಿರರ್ಡ್ ಇಡಿ (ಎಡ, ಬಲ ಎರಡೂ ಪುಟದಲ್ಲಿ ಬೈಂಡಿಂಗ್ ಕಡೆ ಜಾಗ ಹೆಚ್ಚು), ಇಲ್ಲದಿದ್ದರೆ ಅಕ್ಷರ ಬೈಂಡಿಂಗ್ ಒಳಗೆ ಹೋಗುತ್ತೆ.

ಏಲಕ್ಕಿ_ಹುಡುಗಿ
@ಮಲೆನಾಡ್_ಮಂಜು ಅಣ್ಣ, ಬಹಳ ಥ್ಯಾಂಕ್ಸ್! ಫಾಂಟ್ ಬದಲಾಗ್ತಿಲ್ಲ ಅಂತ ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ. ಈಗ ಸರಿಯಾಯ್ತು. ಯಾವ ಫಾಂಟ್ ಹಾಕಲಿ?

ಅಕ್ಷರಪ್ರೇಮಿ
ಗೂಗಲ್ ಫಾಂಟ್ಸ್‌ನಲ್ಲಿ ಭಾಷೆ ಕನ್ನಡ ಅಂತ ಆರಿಸಿಕೊಳ್ಳಿ. ಒಳಪುಟಕ್ಕೆ ಟಿರೋ ಕನ್ನಡ ನೋಡಿ, ಹಳೇ ಅಚ್ಚಿನ ಪುಸ್ತಕದ ಕಳೆ ಇದೆ. ನೋಟೊ ಸೆರಿಫ್ ಕನ್ನಡವೂ ಚೆನ್ನಾಗಿದೆ, ಅದರಲ್ಲಿ ದಪ್ಪ, ತೆಳು ಬೇರೆ ಬೇರೆ ಸಿಗುತ್ತವೆ. ಮುಖಪುಟಕ್ಕೆ ಬಾಲೂ ತಮ್ಮ 2, ಅನೇಕ್ ಕನ್ನಡ. ದಯವಿಟ್ಟು ಬಾಲೂ ತಮ್ಮವನ್ನು ಒಳಪುಟಕ್ಕೆ ಹಾಕಬೇಡಿ, ಓದುವವರ ಕಣ್ಣು ಹೋಗುತ್ತೆ.

ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನವು. ಮಾರಾಟದ ಪುಸ್ತಕಕ್ಕೂ ಬಳಸಬಹುದು, ಇ-ಬುಕ್ ಒಳಗೂ ಸೇರಿಸಬಹುದು. ಗೆಳೆಯರು ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫಾಂಟ್‌ಗಳ ಕಥೆ ಹಾಗಲ್ಲ.

ಕರಾವಳಿ_ಕಿಟ್ಟ
ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಮಾರಾಯ್ರೆ, ಇನ್‌ಡಿಸೈನ್. ರೈಟರ್‌ನಲ್ಲಿ ಮಾಡಿದ ಪುಸ್ತಕ ದೂರದಿಂದಲೇ ಗೊತ್ತಾಗ್ತದೆ.

ಮಲೆನಾಡ್_ಮಂಜು
ತಿಂಗಳು ತಿಂಗಳು ಬಾಡಿಗೆ ನೀವು ಕಟ್ಟುತ್ತೀರಾ?

ಕರಾವಳಿ_ಕಿಟ್ಟ
ಕಾಲೇಜಿನ ಲ್ಯಾಬಲ್ಲಿ ಇರ್ತದೆ ಅಲ್ವಾ, ಕೇಳಲಿ. ಒಂದು ಮಾತು ಮಾತ್ರ. ಇನ್‌ಡಿಸೈನ್‌ನಲ್ಲಿ ಸುಮ್ನೆ ಕನ್ನಡ ಪೇಸ್ಟ್ ಮಾಡಿದರೆ ಒತ್ತಕ್ಷರ ಒಡೆದು ಬರ್ತದೆ. 'ಸ್ತ್ರೀ' ಇದ್ದದ್ದು 'ಸ್‌ತ್‌ರೀ' ಆಗಿ ಕೂತಿರ್ತದೆ. ಪ್ಯಾರಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅಂತ ಉಂಟು, ಅದನ್ನು ಹಾಕಿದ ಕೂಡಲೇ ಸರಿಯಾಗ್ತದೆ. ಫೋಟೊಶಾಪ್‌ನಲ್ಲೂ ಅದೇ ರೋಗ, ಅದೇ ಮದ್ದು. ಊರ ಜಾತ್ರೆಯ ಫ್ಲೆಕ್ಸುಗಳಲ್ಲಿ ಒಡೆದ ಅಕ್ಷರ ಕಾಣ್ತದಲ್ಲ, ಎಷ್ಟೋ ಕಡೆ ಇದೇ ಕಾರಣ.

ಪೆಂಗ್ವಿನ್_ಪರಮೇಶಿ
ಸ್ಕ್ರೈಬಸ್ ಯಾರೂ ಹೇಳಲಿಲ್ಲವಲ್ಲ! ಪುಟವಿನ್ಯಾಸಕ್ಕೆಂದೇ ಇರುವ ಉಚಿತ ಸಾಫ್ಟ್‌ವೇರ್. ಹಳೇ 1.4ರಲ್ಲಿ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಬೈದುಕೊಂಡು ಬಿಟ್ಟರು. ಈಗಿನ 1.6ರಲ್ಲಿ ಒತ್ತಕ್ಷರ ಸರಿಯಾಗಿ ಕೂಡುತ್ತೆ. ಮುಖಪುಟಕ್ಕಂತೂ ಇದೇ ಸರಿ, ಅಚ್ಚಿಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಯ) ಬಣ್ಣದಲ್ಲೇ ಪಿಡಿಎಫ್ ಕೊಡುತ್ತೆ.

ಚಿತ್ರಾ_ಕೆ
ಮುಖಪುಟಕ್ಕೆ ಕ್ಯಾನ್ವಾ ಆ್ಯಪ್ ಸಾಕು. ಮೊಬೈಲ್‌ನಲ್ಲೇ ಆಗುತ್ತೆ.

ಡಿಟಿಪಿ_ಮಾವ
ಮುಂದಿನ ಪುಟಕ್ಕೆ ಸಾಕು. ಆದರೆ ಪ್ರೆಸ್‌ಗೆ ಬೇಕಾದ್ದು ಹಿಂಪುಟ, ಬೆನ್ನು, ಮುಂಪುಟ ಮೂರೂ ಸೇರಿದ ಒಂದೇ ಹಾಳೆ. ಸುತ್ತ 3 ಮಿ.ಮೀ. ಕತ್ತರಿಸೋಕೆ ಜಾಗ ಬಿಟ್ಟಿರಬೇಕು. ಕ್ಯಾನ್ವಾದ ಉಚಿತ ಖಾತೆಯಲ್ಲಿ ಸಿಎಂವೈಕೆ ಸಿಗಲ್ಲ. ಸ್ಕ್ರೀನ್‌ನಲ್ಲಿ ಮಿಂಚುವ ನೀಲಿ ಅಚ್ಚಾದ ಮೇಲೆ ಮಂಕಾಗಿ ಬಂದರೆ ಪ್ರೆಸ್‌ನವರ ಜೊತೆ ಜಗಳ ಆಡಬೇಡಿ.

ಫಾರಂ ಲೆಕ್ಕವನ್ನೂ ಹೇಳಿಬಿಡ್ತೀನಿ, ಇದನ್ನು ಯಾವ ವೆಬ್‌ಸೈಟೂ ಹೇಳಲ್ಲ. ಆಫ್‌ಸೆಟ್‌ನಲ್ಲಿ (ಪ್ಲೇಟು ಮಾಡಿ ಅಚ್ಚು ಹಾಕೋದು) ಡೆಮಿ 1/8ಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಹಾಳೆ, 16 ಪುಟ. ನಿನ್ನ ಪುಸ್ತಕ 132 ಪುಟ ಬಂತು ಅಂತ ಇಟ್ಕೊ. 8 ಫಾರಂ ಮುಗಿದು 4 ಪುಟ ಉಳಿಯಿತು. ಆ ನಾಲ್ಕು ಪುಟಕ್ಕೆ ಮತ್ತೆ ಪ್ಲೇಟು, ಮತ್ತೆ ಖರ್ಚು. ಮುನ್ನುಡಿಯಲ್ಲಿ ಎರಡು ಪುಟ ಇಳಿಸು, ಖಾಲಿ ಪುಟ ತೆಗಿ, 128ಕ್ಕೆ ತಂದು ನಿಲ್ಲಿಸು. ಡಿಜಿಟಲ್ ಪ್ರಿಂಟ್ ಆದರೆ ಈ ತಲೆನೋವಿಲ್ಲ. 300 ಪ್ರತಿಗಿಂತ ಕಡಿಮೆ ಆದರೆ ಡಿಜಿಟಲ್‌ನಲ್ಲೇ ಕೇಳಿ ನೋಡು.

ಸಾಹಿತ್ಯ_ಸಂತೆ
ಮುನ್ನುಡಿ ಇಳಿಸು ಅಂದರೆ ಬರೆದುಕೊಟ್ಟ ಹಿರಿಯರು ಬಿಡ್ತಾರಾ? ನನ್ನ ಗೆಳೆಯನ ಸಂಕಲನದಲ್ಲಿ ಮುನ್ನುಡಿಯೇ ಅವನ ಅತಿ ಉದ್ದದ ಕಥೆಗಿಂತ ಉದ್ದ ಇತ್ತು.

ಕಾಗದದ_ದೋಣಿ
ಮುನ್ನುಡಿ, ಬೆನ್ನುಡಿ, ನಲ್ನುಡಿ, ಲೇಖಕರ ಮಾತು, ಪ್ರಕಾಶಕರ ಮಾತು. ಕಥೆ ಶುರುವಾಗೋದು 27ನೇ ಪುಟದಿಂದ 😀

ರಾಘು_ಬರೆದದ್ದು
ಕರಡು ತಿದ್ದುವುದಕ್ಕೆ ಎಐಗೆ ಕೊಟ್ಟರೆ ಆಯ್ತಲ್ಲ? ಐದು ನಿಮಿಷದ ಕೆಲಸ.

ಜೋಳದ_ರೊಟ್ಟಿ
ಕೊಟ್ಟು ನೋಡಿದೇನ್ರಿ. ನನ್ನ ಕಥೆಯೊಳಗ ಅಜ್ಜಿ "ಎಲ್ಲಿ ಹೊಂಟಿ?" ಅಂತ ಕೇಳಿದ್ದಳು. ಅದು "ಎಲ್ಲಿಗೆ ಹೋಗುತ್ತಿದ್ದೀಯಾ?" ಅಂತ ತಿದ್ದಿ ಕೊಡ್ತು. ಹೇಳದೇ ಕೇಳದೇ. ಅಜ್ಜಿ ಟಿವಿ ನ್ಯೂಸ್ ಓದೋರ ಹಾಂಗ ಮಾತಾಡಾಕತ್ತಿದ್ದಳು. ಏಲಕ್ಕಿ ತಂಗಿ, ನಿನ್ನ ಕಥೆಯೊಳಗೂ ಹಾವೇರಿ ಮಾತು ಇರ್ತಾವ, ಜ್ವಾಕಿ.

ರಾಘು_ಬರೆದದ್ದು
ಸರಿಯಾಗಿ ಹೇಳಿ ಕೊಟ್ಟರೆ ಹಾಗೆ ಮಾಡಲ್ಲ. "ಸಂಭಾಷಣೆ ಮುಟ್ಟಬೇಡ, ಬರೀ ಕಾಗುಣಿತದ ತಪ್ಪು ಪಟ್ಟಿ ಮಾಡು" ಅನ್ನಬೇಕು.

ಅಕ್ಷರಪ್ರೇಮಿ
ಪಟ್ಟಿ ಮಾಡಿಸಿಕೊಳ್ಳೋದು ಓಕೆ, ಕಥೆಯನ್ನೇ ಬದಲಿಸೋಕೆ ಬಿಡಬಾರದು. ಆ ಪಟ್ಟಿಯಲ್ಲೂ ಸರಿ ಇರುವ ಪದವನ್ನು ತಪ್ಪು ಅನ್ನುತ್ತೆ. ಅನುಮಾನ ಬಂದ ಪದವನ್ನು ಅಲರ್ ನಿಘಂಟಿನಲ್ಲಿ ನೋಡಿ. ವಿ. ಕೃಷ್ಣ ಅವರು ಹಲವು ದಶಕ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, 2019ರಿಂದ ನೆಟ್‌ನಲ್ಲಿ ಉಚಿತವಾಗಿ ಇದೆ.

ಲಿಬ್ರೆಆಫೀಸ್‌ಗೆ ಕನ್ನಡ ಕಾಗುಣಿತದ ಎಕ್ಸ್‌ಟೆನ್ಶನ್ ಇದೆ, ಆದರೆ ಹೆಚ್ಚು ನೆಚ್ಚಬೇಡಿ. 'ಮನೆಯವರಿಗೂ' ತರಹ ಪ್ರತ್ಯಯ ಸೇರಿದ ಪದಕ್ಕೆಲ್ಲ ಕೆಂಪು ಗೆರೆ ಎಳೆಯುತ್ತೆ.

ಗೃಹಿಣಿ_ಗೀಚು
ನಾನು ಮಾಡುವ ಉಪಾಯ ಹೇಳಲಾ? ಫೋನಿನಲ್ಲಿ ಗೂಗಲ್‌ನ ಟೆಕ್ಸ್ಟ್ ಟು ಸ್ಪೀಚ್‌ಗೆ ಕನ್ನಡ ಧ್ವನಿ ಹಾಕಿಕೊಂಡು, ಕಥೆಯನ್ನು ಗಟ್ಟಿಯಾಗಿ ಓದಿಸುತ್ತೇನೆ. ತರಕಾರಿ ಹೆಚ್ಚುತ್ತಾ ಕೇಳುತ್ತೇನೆ. ಕಣ್ಣು ತಪ್ಪಿಸಿದ್ದು ಕಿವಿಗೆ ಸಿಗುತ್ತೆ. ಒಂದೇ ಪದ ಎರಡು ಸಲ ಬಂದಿದ್ದು, ಒಂದು ದೀರ್ಘ ಬಿಟ್ಟುಹೋಗಿದ್ದು ಎಲ್ಲ ಥಟ್ ಅಂತ ಗೊತ್ತಾಗುತ್ತೆ.

ಏಲಕ್ಕಿ_ಹುಡುಗಿ
@ಗೃಹಿಣಿ_ಗೀಚು ಅಕ್ಕ, ಇದು ಸೂಪರ್. ಇವತ್ತೇ ಮಾಡ್ತೀನಿ. ಒಂದು ಡೌಟು. ಮೊಬೈಲ್‌ನಿಂದ ಲ್ಯಾಪ್‌ಟಾಪ್‌ಗೆ ತಂದ ಮೇಲೆ ಕೆಲವು ಕಡೆ 'ಫೋನ್‌ಗೆ' ಅನ್ನೋದು 'ಫೋನ್ಗೆ' ಅಂತ ಆಗಿದೆ. ಯಾಕೆ?

ಪೆಂಗ್ವಿನ್_ಪರಮೇಶಿ
ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು, ಜೀರೊ ವಿಡ್ತ್ ನಾನ್ ಜಾಯ್ನರ್ ಅಂತ. ನ್ ಮತ್ತು ಗೆ ಒಂದಕ್ಕೊಂದು ಅಂಟದ ಹಾಗೆ ತಡೆಯುವುದು ಅದೇ. ಕೆಲವು ಆ್ಯಪ್‌ಗಳು ಕಾಪಿ ಮಾಡುವಾಗ ಅದನ್ನು ತಿಂದುಬಿಡುತ್ತವೆ. ರೈಟರ್‌ನಲ್ಲಿ ನ್ ಆದಮೇಲೆ ಕರ್ಸರ್ ಇಟ್ಟು, ಇನ್‌ಸರ್ಟ್ ಮೆನುವಿನ ಫಾರ್ಮ್ಯಾಟಿಂಗ್ ಮಾರ್ಕ್‌ನಲ್ಲಿ ಆರಿಸಬಹುದು. ಬಹಳ ಕಡೆ ಇದ್ದರೆ ಫೈಂಡ್ ಅಂಡ್ ರಿಪ್ಲೇಸ್. 'ಫೋನ್ಗೆ', 'ಬಸ್ಗೆ', 'ಆಫೀಸ್ನಲ್ಲಿ' ಹೀಗೆ ಪದ ಪದವಾಗಿ ಬದಲಿಸಿ. ಒಟ್ಟಿಗೆ 'ನ್ಗೆ' ಎಲ್ಲ ಬದಲಿಸೋಕೆ ಮಾತ್ರ ಹೋಗಬೇಡಿ, 'ನನ್ಗೆ' ಅಂತ ಬೇಕಂತಲೇ ಬರೆದಿದ್ದೂ ಒಡೆದುಹೋಗುತ್ತೆ.

ನ್ಯೂಜೆರ್ಸಿ_ಕನ್ನಡಿಗ
ನಮ್ಮಂಥವರಿಗೆ ಇ-ಬುಕ್ ಮಾಡಿ ಪುಣ್ಯ ಕಟ್ಟಿಕೊಳ್ಳಿ. ಅಮೆಜಾನ್‌ನ ಕಿಂಡಲ್‌ನಲ್ಲಿ ಹಾಕಿ, ಮೊದಲ ಗಿರಾಕಿ ನಾನೇ.

ಕಾಗದದ_ದೋಣಿ
ಕಿಂಡಲ್‌ನಲ್ಲಿ ಕನ್ನಡ ಎಲ್ಲಿದೆ ಸರ್? 2016ರ ಕೊನೆಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂದರು. ನಮ್ಮದನ್ನು ಬಿಟ್ಟರು.

ರಾಘು_ಬರೆದದ್ದು
ಭಾಷೆ ಇಂಗ್ಲಿಷ್ ಅಂತ ಕೊಟ್ಟು ಅಪ್‌ಲೋಡ್ ಮಾಡಿದರೆ ಹೋಗುತ್ತೆ ಅಂತ ಕೇಳಿದ್ದೆ.

ಕಾಗದದ_ದೋಣಿ
ಹಾಗೆ ಮಾಡಬೇಡಿ. ಸುಳ್ಳು ಭಾಷೆ ತೋರಿಸಿದ್ದು ಅಂತ ಪುಸ್ತಕ ತೆಗೆದುಹಾಕಬಹುದು, ಖಾತೆಗೂ ಕುತ್ತು. ಕಿಂಡಲ್‌ಗೆ ಪುಸ್ತಕ ಹಾಕುವ ತಾಣ ಕೆಡಿಪಿಯ ಸಹಾಯ ಪುಟದಲ್ಲಿ ಭಾಷೆಗಳ ಪಟ್ಟಿ ಇದೆ, ಅಪ್‌ಲೋಡ್ ಮಾಡುವ ಮೊದಲು ಅದನ್ನು ನೋಡಿ. ಇಂಗ್ಲಿಷ್‌ನಲ್ಲಿ ಬರೆಯುವ ಹುಡುಗ ಹುಡುಗಿಯರು ಇದ್ದರೆ ಅವರಿಗೂ ಒಂದು ಮಾತು. ಶೇ 70 ರಾಯಧನ ಅಂತ ದೊಡ್ಡದಾಗಿ ಬರೆದಿರುತ್ತೆ, ಆದರೆ ಭಾರತದ ಮಾರಾಟಕ್ಕೆ ಅದು ಸಿಗಬೇಕಾದರೆ ಕೆಡಿಪಿ ಸೆಲೆಕ್ಟ್ ಅನ್ನೋ ಯೋಜನೆಗೆ ಸೇರಬೇಕು. ಸೇರಿದರೆ ಆ ಅವಧಿಯಲ್ಲಿ ಇ-ಬುಕ್ ಬೇರೆಲ್ಲೂ ಮಾರುವ ಹಾಗಿಲ್ಲ. 18 ತುಂಬಿರದಿದ್ದರೆ ಅಪ್ಪ ಅಮ್ಮನ ಹೆಸರಲ್ಲಿ ಖಾತೆ ತೆರೆಯಬೇಕು.

ಮಲೆನಾಡ್_ಮಂಜು
ಕನ್ನಡಕ್ಕೆ ಗೂಗಲ್ ಪ್ಲೇ ಬುಕ್ಸ್ ಇದೆ. ಪಾರ್ಟ್‌ನರ್ ಸೆಂಟರ್‌ನಲ್ಲಿ ನೀವೇ ಖಾತೆ ಮಾಡಿ ಇಪಬ್ (ಇ-ಬುಕ್ ಫೈಲ್) ಹಾಕಬಹುದು. ಮೈಲ್ಯಾಂಗ್, ವಿವಿಡ್‌ಲಿಪಿ ಅಂತ ಕನ್ನಡದ್ದೇ ಇ-ಬುಕ್ ತಾಣಗಳಿವೆ, ಅವರನ್ನು ಸಂಪರ್ಕಿಸಿ ಮಾತಾಡಿ. ಅಲ್ಲಿಗೆ ಬರುವವರು ಕನ್ನಡ ಓದೋಕೇ ಬರುವವರು, ಅದು ದೊಡ್ಡದು.

ಇಪಬ್ ಮಾಡೋದು ಕಷ್ಟ ಏನಲ್ಲ. ರೈಟರ್‌ನಲ್ಲೇ ಎಕ್ಸ್‌ಪೋರ್ಟ್ ಇದೆ. ಬಂದದ್ದನ್ನು ಸಿಜಿಲ್ ಅನ್ನೋ ಇಪಬ್ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆದು ಅಧ್ಯಾಯಗಳ ಪಟ್ಟಿ ಸರಿಮಾಡಿಕೊಳ್ಳಿ. ಪ್ರತಿ ಕಥೆಯ ಹೆಸರಿಗೂ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ ಅದು ತಾನಾಗೇ ಬರುತ್ತೆ. ಸುಮ್ನೆ ದಪ್ಪ ಅಕ್ಷರ ಮಾಡಿಟ್ಟಿದ್ದರೆ ಬರಲ್ಲ.

ನ್ಯೂಜೆರ್ಸಿ_ಕನ್ನಡಿಗ
ಪ್ಲೇ ಬುಕ್ಸ್ ಆದರೂ ಸರಿ. ಪಿಡಿಎಫ್ ಮಾತ್ರ ಹಾಕಬೇಡಿ, ಫೋನಿನಲ್ಲಿ ಜೂಮ್ ಮಾಡಿ ಮಾಡಿ ಸಾಕಾಗುತ್ತೆ.

ಸಾಹಿತ್ಯ_ಸಂತೆ
ಎಲ್ಲರೂ ಸಾಫ್ಟ್‌ವೇರ್ ಹೇಳ್ತಾ ಇದ್ದೀರಿ. ಮಾರೋದು ಹೇಗೆ ಅಂತ ಯಾರೂ ಹೇಳ್ತಿಲ್ಲ. ಪುಸ್ತಕದಂಗಡಿಯವರು ಶೇ 30ರಿಂದ 40 ಕಮಿಷನ್ ಕೇಳ್ತಾರೆ. 150 ರೂಪಾಯಿ ಪುಸ್ತಕಕ್ಕೆ ಕೈಗೆ ಬರೋದು 90ರಿಂದ 105. ಅದರಲ್ಲಿ ಅಚ್ಚಿನ ಖರ್ಚು ಕಳೆಯಿರಿ.

ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಬಂದಿರದ ಅತಿ ಉಪಯೋಗದ ಟೂಲ್ ಅಂದರೆ ಗೂಗಲ್ ಫಾರ್ಮ್. ಹೆಸರು, ವಿಳಾಸ, ಪಿನ್‌ಕೋಡ್, ಎಷ್ಟು ಪ್ರತಿ, ಯುಪಿಐ ಪಾವತಿಯ ಸಂಖ್ಯೆ, ಅಷ್ಟೇ. ಅಚ್ಚಿಗೆ ಹೋಗುವ ಮೊದಲೇ ಮುಂಗಡ ಬುಕಿಂಗ್ ತಗೊಳ್ಳಿ. 80 ಜನ ಬರೆದರೆ 150 ಪ್ರತಿ ಹಾಕಿಸಿ. ಸಾವಿರ ಹಾಕಿಸಿ ಮಂಚದ ಕೆಳಗೆ ಇಟ್ಟುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಕರಾವಳಿ_ಕಿಟ್ಟ
ಮದುವೆ ಮನೆಗೆ ಉಡುಗೊರೆ ಕೊಡ್ಲಿಕ್ಕೆ ಆಗ್ತದೆ ಬಿಡಿ.

ಕಾಗದದ_ದೋಣಿ
ಪೋಥಿ ಅಂತ ಬೆಂಗಳೂರಿನದೇ ಒಂದು ಪ್ರಿಂಟ್ ಆನ್ ಡಿಮ್ಯಾಂಡ್ ತಾಣ ಇದೆ, 2008ರಿಂದ. ಆರ್ಡರ್ ಬಂದಾಗ ಅಚ್ಚು ಹಾಕಿ ಕಳಿಸೋದು. ಮಂಚದ ಕೆಳಗೆ ಏನೂ ಉಳಿಯಲ್ಲ. ಆದರೆ ಒಂದೊಂದು ಪ್ರತಿಯ ಖರ್ಚು ಜಾಸ್ತಿ, ಬೆಲೆ ಏರಿಸಲೇಬೇಕಾಗುತ್ತೆ.

ಬೆರಳ್_ಕುಟ್ಟಿಗ
ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ಅರ್ಜಿ ಕರೆದಾಗ ಹಸ್ತಪ್ರತಿ ಕಳಿಸಬೇಕು. ಅಚ್ಚು ಹಾಕಿಸುವ ಮೊದಲೇ ಅದರ ನಿಯಮ ಓದಿಕೊಳ್ಳಿ.

ನುಡಿ_ನಾಗಣ್ಣ
ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಹಾಕಬಹುದು. ಅದನ್ನೇ ನಂಬಿ ಪ್ರತಿ ಹಾಕಿಸಬೇಡಿ ಅಷ್ಟೇ. ಮತ್ತೆ 1954ರ ಕಾನೂನಿನ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ನೀನೇ ಹೊರತಂದರೆ ಪ್ರಕಾಶಕಿ ನೀನೇ ತಾನೇ, ಆ ಕೆಲಸ ನಿನ್ನದೇ.

ಏಲಕ್ಕಿ_ಹುಡುಗಿ
ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಕಾಪಿರೈಟ್‌ಗೆ ನೋಂದಣಿ ಮಾಡಿಸಲೇಬೇಕಾ? ಪ್ಯಾಕೇಜಿನವರು ಅದಕ್ಕೂ ಬೇರೆ ರೇಟು ಹೇಳಿದ್ದರು.

ಅಕ್ಷರಪ್ರೇಮಿ
ಬೇಕಾಗಿಲ್ಲ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂದರೆ ಸಾಹಿತ್ಯ ಕೃತಿಗೆ ಸರ್ಕಾರದ ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲೇ ಅರ್ಜಿ. ಪ್ರತಿಲಿಪಿಯಲ್ಲಿ ಹಾಕಿದ ಕಥೆಗಳಿಗೆ ಏನಾದರೂ ಪ್ರೀಮಿಯಂ ಒಪ್ಪಂದ ಮಾಡಿಕೊಂಡಿದ್ದೀರಾ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ. ಕಥೆ ಒಳಗೆ ಸಿನಿಮಾ ಹಾಡಿನ ಸಾಲು ಇದ್ದರೆ ತೆಗೆದುಬಿಡಿ, ಅದರ ಹಕ್ಕು ಬೇರೆಯವರದು.

ಸಾಹಿತ್ಯ_ಸಂತೆ
ಬಿಡುಗಡೆ ಎಲ್ಲಿ? ಉಪ್ಪಿಟ್ಟು ಕೇಸರಿಬಾತ್ ಇದ್ದರೆ ಬೆಂಗಳೂರಿಂದ ಬರ್ತೀನಿ.

ಜೋಳದ_ರೊಟ್ಟಿ
ಹಾವೇರಿಗೆ ಬಂದು ಉಪ್ಪಿಟ್ಟು ಕೇಳ್ತೀರಲ್ರಿ! ಮಿರ್ಚಿ ಮಂಡಕ್ಕಿ ಮಾಡಸೋಣ.

ಗೃಹಿಣಿ_ಗೀಚು
ಅಂಚೆಯಲ್ಲಿ ಕಳಿಸೋದಕ್ಕೆ ಎಷ್ಟಾಗುತ್ತೆ ಈಗ? ಮೊದಲು ಬುಕ್ ಪೋಸ್ಟ್‌ಗೆ ರಿಜಿಸ್ಟರ್ ಮಾಡಿಸಿ ಅಗ್ಗದಲ್ಲಿ ಕಳಿಸುತ್ತಿದ್ದೆವು.

ಡಿಟಿಪಿ_ಮಾವ
ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯ್ತಮ್ಮ. ಸಣ್ಣ ಪ್ರಕಾಶಕರೆಲ್ಲ ಕೂಗಾಡಿದರು. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ. ಆದರೆ 100, ತೆರಿಗೆ ಬೇರೆ. ಟ್ರ್ಯಾಕಿಂಗ್ ಇದೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು, ಜಾಹೀರಾತು ಇರಬಾರದು. ಕೌಂಟರ್‌ನಲ್ಲಿ ಜ್ಞಾನ ಪೋಸ್ಟ್ ಅಂತ ಬಾಯಿಬಿಟ್ಟು ಕೇಳಿ.

ಏಲಕ್ಕಿ_ಹುಡುಗಿ
ಹಾಗಾದರೆ ಒಂದೇ ಕವರಿನಲ್ಲಿ ಎರಡು ಪ್ರತಿ ಹಾಕಿ 20 ರೂಪಾಯಿಗೆ ಕಳಿಸಬಹುದಾ ಮಾವ?

ಡಿಟಿಪಿ_ಮಾವ
128 ಪುಟ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದ, ಮುಖಪುಟ 300 ಜಿಎಸ್‌ಎಂ ಅಂದರೆ ಒಂದು ಪ್ರತಿ ಸುಮಾರು 155 ಗ್ರಾಂ ತೂಗುತ್ತೆ. ಎರಡಕ್ಕೆ 310. ಕವರಿನ ತೂಕ ಬೇರೆ. ಮುಖಪುಟ 250 ಜಿಎಸ್‌ಎಂಗೆ ಇಳಿಸಿದರೂ 300ರ ಗಡಿ ದಾಟುತ್ತೆ. ಒಳಗೆ 60 ಜಿಎಸ್‌ಎಂ ಹಾಕಿದರೆ ಆಗುತ್ತೆ, ಆದರೆ ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತೆ. ಬೇಡ, ಒಂದೊಂದೇ ಕಳಿಸು.